40 ಎಂಎಂ ಸಾಕಾ, 105 ಎಂಎಂ ಬೇಕಾ?

ನಿಕಾನ್ ಡಿಎಕ್ಸ್ (ಚಿಕ್ಕ ಸೆನ್ಸರ್‌ನ) ಡಿಎಸ್‌ಎಲ್‌ಆರ್ ಕ್ಯಾಮೆರಾ ಇಟ್ಟುಕೊಂಡವರು ಮ್ಯಾಕ್ರೋ ಲೆನ್ಸ್, ಅಂದರೆ ಚಿಕ್ಕ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್, ಹುಡುಕಿದರೆ ನಿಕಾನ್‌ನ ಈ ಎರಡು ಲೆನ್ಸ್‌ಗಳ ಹೆಸರು ಎದುರಾಗುತ್ತವೆ. ನಿಕಾನ್ ಇವನ್ನು 'ಮೈಕ್ರೋ' ಎನ್ನುತ್ತದೆ, ಗೊಂದಲ ಬೇಡ. ಎರಡರಲ್ಲೂ ಬೆಳಕು ಒಳಬಿಡುವ ಕಿಂಡಿ ಎಫ್/2.8ರವರೆಗೆ ತೆರೆಯುತ್ತದೆ (ಅಂಕೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಎರಡೂ 1:1 ಕೊಡುತ್ತವೆ, ಅಂದರೆ 1 ಸೆಂ.ಮೀ. ಹುಳು ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೂ 1 ಸೆಂ.ಮೀ. ಬೀಳುತ್ತದೆ.

ಹಾಗಾದರೆ ವ್ಯತ್ಯಾಸ ಎಲ್ಲಿ? ದೂರದಲ್ಲಿ. 40 ಎಂಎಂ ಲೆನ್ಸ್‌ಗೆ 16.3 ಸೆಂ.ಮೀ. ಹತ್ತಿರ ಹೋಗಬಹುದು ಎಂದು ಬರೆದಿರುತ್ತಾರೆ. ಆ ಅಳತೆ ಸೆನ್ಸರ್‌ನಿಂದ! ಲೆನ್ಸ್ ತುದಿಯಿಂದ ನೋಡಿದರೆ ನಾಲ್ಕು ಬೆರಳಿನಷ್ಟೂ ಜಾಗ ಉಳಿಯುವುದಿಲ್ಲ. ಚಿಟ್ಟೆ ಹಾರಿಹೋಗುತ್ತದೆ, ನಿಮ್ಮ ನೆರಳೇ ಹೂವಿನ ಮೇಲೆ ಬೀಳುತ್ತದೆ. 105 ಎಂಎಂನಲ್ಲಿ ಈ ಅಳತೆ 31.4 ಸೆಂ.ಮೀ. ಜೇಡ, ಕಪ್ಪೆ, ಏರೋಪ್ಲೇನ್ ಚಿಟ್ಟೆ ತೆಗೆಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮಳೆಗಾಲದ ಆಗುಂಬೆಯಲ್ಲಿ ಆ ಸ್ವಲ್ಪ ಅಂತರ ಎಷ್ಟು ಬೆಲೆಬಾಳುತ್ತದೆ, ಹೋದವರಿಗೆ ಗೊತ್ತು.

105 ಎಂಎಂನಲ್ಲಿ ವಿಆರ್ (ಕೈ ನಡುಕದ ಪರಿಣಾಮ ತಗ್ಗಿಸುವ ವ್ಯವಸ್ಥೆ) ಇದೆ, ಆದರೆ 1:1ಕ್ಕೆ ಹತ್ತಿರವಾದಂತೆ ಅದರ ಉಪಯೋಗ ಕಡಿಮೆ. ಟ್ರೈಪಾಡ್ ಅಥವಾ ಫ್ಲ್ಯಾಶ್ ಬೇಕೇಬೇಕು. ಎಫ್/8, ಎಫ್/11ರಲ್ಲಿ ಶುರು ಮಾಡಿ. ಎಫ್/2.8ರಲ್ಲಿ ಇರುವೆಯ ಕಣ್ಣು ಮಾತ್ರ ಸ್ಪಷ್ಟ, ಮೀಸೆ ಮಂಜು. ಆಟೋಫೋಕಸ್ ಆಫ್ ಮಾಡಿ, ಫೋಕಸ್ ಕೂರುವವರೆಗೆ ನೀವೇ ಮೆಲ್ಲಗೆ ಮುಂದೆ ಹಿಂದೆ ವಾಲಿ.

ನಾಣ್ಯ, ಒಡವೆ, ಅಡುಗೆ, ಮನೆಯ ಮಕ್ಕಳ ಫೋಟೋ? ಆಗ 40 ಎಂಎಂ ತಗೊಳ್ಳಿ. ತೂಕ ಬರೀ 235 ಗ್ರಾಂ, ಬೆಲೆಯೂ ಬಹಳ ಕಡಿಮೆ. ಸುಮ್ನೆ ದೊಡ್ಡದಕ್ಕೆ ಹಣ ಹಾಕಬೇಡಿ.