ಪೈಪ್‌ಲೈನ್ ಟೆಸ್ಟ್ ಮಾಡಲು ಕಂಪ್ರೆಸರ್ ಗಾಳಿ ಬಿಡಬೇಡಿ

ತೋಟಕ್ಕೆ ಹೊಸ ಪೈಪ್‌ಲೈನ್ ಹಾಕಿಸುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಕಳೆದ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್‌ನಿಂದ ಅಡಿಕೆ ತೋಟಕ್ಕೆ ಎರಡೂವರೆ ಇಂಚಿನ ಪಿವಿಸಿ ಲೈನ್ ಎಳೆಸಿದೆವು. ನಡುವೆ ಒಂದು ದಿಬ್ಬ ಇದೆ. ಜಾಯಿಂಟ್‌ಗಳಿಗೆ ಸಲ್ಯೂಷನ್ (ಪೈಪ್ ಅಂಟು) ಹಚ್ಚಿ ಮುಗಿಸುವಾಗ ಮಧ್ಯಾಹ್ನ ಆಗಿತ್ತು. ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ. ಟ್ರೆಂಚ್ ಮುಚ್ಚುವ ಮೊದಲು ಲೀಕ್ ನೋಡಬೇಕಲ್ವಾ? ಪಕ್ಕದವರ ಬಾವಿಯಲ್ಲಿ ಬಂಡೆ ಕೊರೆಯಲು ಟ್ರ್ಯಾಕ್ಟರ್ ಕಂಪ್ರೆಸರ್ ಬಂದಿತ್ತು. "ನೀರಿಗೆ ಯಾಕೆ ಕಾಯ್ತೀರಣ್ಣ, ಗಾಳಿ ಬಿಟ್ಟು ಸೋಪು ನೀರು ಹಾಕಿದ್ರೆ ಗುಳ್ಳೆ ಬರುತ್ತೆ" ಎಂದ ಪೈಪ್ ಹಾಕುವ ಹುಡುಗ. ಬರೀ ಗಾಳಿ ತಾನೇ, ಏನಾಗುತ್ತೆ ಅಂದುಕೊಂಡು ನಾನೂ ಹೂಂ ಅಂದೆ.

ಐದು ನಿಮಿಷವೂ ಆಗಿರಲಿಲ್ಲ. ಭಾವ ಟ್ರೆಂಚ್ ಪಕ್ಕ ಕುಕ್ಕರಗಾಲಲ್ಲಿ ಕೂತು ಜಾಯಿಂಟ್ ಮೇಲೆ ಸೋಪು ನೀರು ಸುರಿಯುತ್ತಿದ್ದರು. ಸಿಡಿಲು ಹೊಡೆದ ಹಾಗೆ ಸದ್ದಾಯಿತು. ಮಣ್ಣು ಮೇಲೆದ್ದು ಏನೂ ಕಾಣಲಿಲ್ಲ. ನೋಡಿದರೆ ಭಾವ ಕಾಲು ಹಿಡಿದುಕೊಂಡು ಬಿದ್ದಿದ್ದರು. ಪೈಪಿನ ಚೂರು, ಅಂಗೈ ಉದ್ದದ್ದು, ಗಾಜಿನಷ್ಟು ಚೂಪು, ಲುಂಗಿ ಸೀಳಿಕೊಂಡು ಮೀನಖಂಡದೊಳಗೆ ಹೋಗಿತ್ತು. 11 ಹೊಲಿಗೆ ಬಿತ್ತು. ಇನ್ನೊಂದು ಚೂರು ಹಿಂದಿನ ಅಡಿಕೆ ಮರಕ್ಕೆ ನೆಟ್ಟಿತ್ತು, ಕೂತವರ ತಲೆಯ ಎತ್ತರಕ್ಕೆ. ಅದನ್ನು ಕೈಯಲ್ಲಿ ಎಳೆದರೆ ಬರಲಿಲ್ಲ.

ನಂಗೆ ಆಮೇಲೆ ಅರ್ಥವಾಗಿದ್ದು ಇದು. ನೀರನ್ನು ಎಷ್ಟು ಒತ್ತಿದರೂ ಅದು ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ. ಪೈಪ್ ಸೀಳಿದರೆ ಸ್ವಲ್ಪ ಚಿಮ್ಮಿ ಒತ್ತಡ ಇಳಿದುಬಿಡುತ್ತದೆ. ಗಾಳಿ ಹಾಗಲ್ಲ. ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡದಲ್ಲಿ ಏಳು ಪಾಲು ಗಾಳಿ ಒಂದು ಪಾಲಿನ ಜಾಗದಲ್ಲಿ ಅಡಗಿ ಕೂತಿರುತ್ತದೆ. ದಾರಿ ಸಿಕ್ಕಿದ ಕೂಡಲೇ ಅಷ್ಟೂ ಒಟ್ಟಿಗೆ ಹಿಗ್ಗುತ್ತದೆ. ಪಿವಿಸಿ ಬಗ್ಗುವ ವಸ್ತುವಲ್ಲ, ಒಡೆದು ಚೂರಾಗುತ್ತದೆ. ನಮ್ಮದು 4 ಕೆಜಿ ಪೈಪು, ಅಂದರೆ ಚದರ ಸೆಂಟಿಮೀಟರಿಗೆ 4 ಕೆಜಿ ತಡೆಯುವಂಥದ್ದು, ಅದೂ ನೀರಿಗೆ. ಆ ಕಂಪ್ರೆಸರ್ 7 ಕೆಜಿವರೆಗೆ ಕೊಡುತ್ತದಂತೆ. 4 ಕೆಜಿಯಲ್ಲೇ ಎರಡೂವರೆ ಇಂಚಿನ ಎಂಡ್ ಕ್ಯಾಪ್ (ಪೈಪಿನ ತುದಿಯ ಮುಚ್ಚಳ) ಮೇಲೆ ಒಂದೂವರೆ ಕ್ವಿಂಟಾಲ್‌ನಷ್ಟು ಭಾರ ಬೀಳುತ್ತದೆ. ಪೈಪ್ ಕಂಪನಿಗಳೂ ಪಿವಿಸಿಯನ್ನು ಗಾಳಿಯಿಂದ ಟೆಸ್ಟ್ ಮಾಡಬೇಡಿ ಎಂದೇ ಹೇಳುತ್ತವೆ. ನಾವು ಯಾರೂ ಕೇಳಿರಲಿಲ್ಲ.

ನೀರಿನಲ್ಲೇ ಟೆಸ್ಟ್ ಮಾಡಿ. ಅದಕ್ಕೂ ಮೊದಲು ಸಲ್ಯೂಷನ್ ಚೆನ್ನಾಗಿ ಒಣಗಲಿ, ಒಂದು ದಿನ ತಡವಾದರೆ ಆಗಲಿ. ನೀರು ಬಿಟ್ಟ ಮಾತ್ರಕ್ಕೆ ಗಾಳಿ ಹೋಯಿತು ಅನ್ನಬೇಡಿ, ದಿಬ್ಬದ ಮೇಲೆ ಸಿಕ್ಕಿಕೊಂಡು ಅಲ್ಲೇ ಇರುತ್ತದೆ. ಅಲ್ಲಿ ಗಾಳಿ ಹೊರಬಿಡುವ ಏರ್ ವಾಲ್ವ್ ಹಾಕಿಸಿ. ಗೇಟ್ ವಾಲ್ವ್ ಸ್ವಲ್ಪವೇ ತೆರೆದು ನಿಧಾನಕ್ಕೆ ತುಂಬಿಸಿ. ಕೊನೆಯ ಬಾಯಿ ತೆರೆದೇ ಇರಲಿ, ಬುಸ್ ಬುಸ್ ಅನ್ನುವುದು ನಿಂತು ನೀರು ಒಂದೇ ಸಮನೆ ಬಂದ ಮೇಲೆ ಮುಚ್ಚಿ.

ಮೋಟಾರ್ ಆಫ್ ಮಾಡಿದ ಮೇಲೂ ಒಳಗೆ ಗಾಳಿ ಒತ್ತಡದಲ್ಲೇ ಇರಬಹುದು. ಎಂಡ್ ಕ್ಯಾಪ್ ಬಿಚ್ಚುವಾಗ ಎದುರಿಗೆ ಕೂರಬೇಡಿ, ಪಕ್ಕಕ್ಕೆ ನಿಲ್ಲಿ. ಮಕ್ಕಳನ್ನಂತೂ ಆ ಕಡೆ ಬಿಡಲೇಬೇಡಿ.