ನಾಲ್ಕು ಮಳೆಗಾಲ ಕಂಡ ಗಾಳಿ ಟ್ಯಾಂಕು: ಪುಟ್ಟ ಜೆಟ್ ಎಂಜಿನ್ ಚಾಲೂ ಮಾಡುವವರಿಗೊಂದು ವಿಮರ್ಶೆ

ಮಂಗಳೂರಿನ ಬೈಕಂಪಾಡಿಯ ನಮ್ಮ ಸಣ್ಣ ಲೇತ್ ವರ್ಕ್‌ಶಾಪಿಗೆ 100 ಲೀಟರಿನ ಈ ಗಾಳಿ ಟ್ಯಾಂಕನ್ನು ತಂದು ನಾಲ್ಕು ವರ್ಷಗಳಾದವು. ಎರಡು ಗಾಲಿ, ಒಂದು ಹಿಡಿಕೆ, ತಳದಲ್ಲಿ ನೀರು ಬಿಡುವ ಡ್ರೈನ್ ಕಾಕ್, ನೆತ್ತಿಯ ಮೇಲೆ ಗೇಜ್ ಮತ್ತು ಒತ್ತಡ ಮಿತಿಮೀರಿದರೆ ಗಾಳಿ ಹೊರಬಿಡುವ ಸೇಫ್ಟಿ ವಾಲ್ವ್. ಇಷ್ಟೇ ಅದರ ರೂಪ. ನಾಮಫಲಕದಲ್ಲಿ ವಿನ್ಯಾಸ ಒತ್ತಡ 10 ಬಾರ್ ಎಂದೂ ಪರೀಕ್ಷಾ ಒತ್ತಡ 15 ಬಾರ್ ಎಂದೂ ಕೆತ್ತಲಾಗಿದೆ. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡದಷ್ಟು. ನಾವು 8 ಬಾರ್ ದಾಟಿಸುವುದಿಲ್ಲ. ಲಾರಿಯ ಹಳೆಯ ಟರ್ಬೋಚಾರ್ಜರಿಗೆ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತಳ್ಳುವ ಸಾಧನ) ದಹನಕೋಣೆ ಜೋಡಿಸಿ ನಾನೂ ನನ್ನ ಸೋದರಳಿಯನೂ ಕಟ್ಟಿದ ಪುಟ್ಟ ಜೆಟ್ ಎಂಜಿನ್ನನ್ನು ಚಾಲೂ ಮಾಡುವುದಕ್ಕೆಂದೇ ಇದನ್ನು ಕೊಂಡದ್ದು.

ಜೆಟ್ ಎಂಜಿನ್ ತನ್ನ ಉಸಿರನ್ನು ತಾನೇ ಎಳೆದುಕೊಳ್ಳಬೇಕಾದರೆ ಅದರ ಚಕ್ರ ಮೊದಲು ಸಾಕಷ್ಟು ವೇಗವಾಗಿ ತಿರುಗಬೇಕು. ನಮ್ಮದು ನಿಮಿಷಕ್ಕೆ ಸುಮಾರು 25,000 ಸುತ್ತು ತಲುಪಿದ ಮೇಲಷ್ಟೇ ಸ್ವಂತ ಬಲದಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ಅದನ್ನು ತಿರುಗಿಸುವ ಕೆಲಸ ಟ್ಯಾಂಕಿನ ಗಾಳಿಯದು. ರೆಗ್ಯುಲೇಟರಿನಲ್ಲಿ 5 ಬಾರಿಗೆ ಇಳಿಸಿದ ಗಾಳಿಯನ್ನು 4 ಮಿಲಿಮೀಟರ್ ರಂಧ್ರದ ನಾಜಲ್ ಮೂಲಕ ಚಕ್ರದ ಮೇಲೆ ಬಿಟ್ಟರೆ ಸೆಕೆಂಡಿಗೆ ಸುಮಾರು 15 ಲೀಟರ್ ಮುಕ್ತ ಗಾಳಿ (ಅಂದರೆ ಹೊರಗಿನ ಸಾಮಾನ್ಯ ಒತ್ತಡದಲ್ಲಿ ಅಳೆದ ಗಾಳಿ) ಖರ್ಚಾಗುತ್ತದೆ. 8 ಬಾರಿನಿಂದ 5 ಬಾರಿಗೆ ಇಳಿಯುವಾಗ ಟ್ಯಾಂಕು ಕೊಡುವುದು, ಪ್ರತಿ ಬಾರಿಗೆ 100ರಂತೆ, 300 ಲೀಟರ್ ಮುಕ್ತ ಗಾಳಿ. ಅಂದರೆ ನಮ್ಮ ಕೈಯಲ್ಲಿರುವುದು ಇಪ್ಪತ್ತು ಸೆಕೆಂಡು. ಚಾಲೂ ಆಗಲು ಹನ್ನೆರಡರಿಂದ ಹದಿನೈದು ಸೆಕೆಂಡು ಬೇಕು. ಮೊದಲು ಎರವಲು ತಂದಿದ್ದ 50 ಲೀಟರಿನ ಟ್ಯಾಂಕಿನಲ್ಲಿ ಹತ್ತು ಸೆಕೆಂಡಿಗೇ ಗಾಳಿ ಬತ್ತುತ್ತಿತ್ತು, ಆದ್ದರಿಂದ ಅಗ್ಗವೆಂದು ಚಿಕ್ಕದನ್ನು ಕೊಳ್ಳಬೇಡಿರೆಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಗಾಳಿ ಸಾಲದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ, ಅಷ್ಟೇ ತಾನೆ ಎಂದು ಅನೇಕರು ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಬೆಂಕಿ ಹೊತ್ತಿಕೊಂಡ ಮೇಲೆ, ಚಕ್ರ ಇನ್ನೂ ಸ್ವಂತ ವೇಗಕ್ಕೆ ಬಾರದಿರುವಾಗ, ಟ್ಯಾಂಕಿನ ಒತ್ತಡ ಕುಸಿದರೆ ಒಳಗೆ ಇಂಧನ ಉಳಿದು ಗಾಳಿ ಕಡಿಮೆಯಾಗುತ್ತದೆ. ತಣಿಸುವ ಗಾಳಿಯಿಲ್ಲದೆ ಟರ್ಬೈನಿನ, ಅಂದರೆ ಬಿಸಿ ಅನಿಲ ತಿರುಗಿಸುವ ಚಕ್ರದ, ಎಲೆಗಳು ಕೆಲವೇ ಕ್ಷಣಗಳಲ್ಲಿ ಕೆಂಪಗೆ ಕಾಯುತ್ತವೆ. ಆದ್ದರಿಂದ ನಮ್ಮಲ್ಲಿ ಒಬ್ಬರು ತಾಪಮಾನದ ಮೀಟರನ್ನೂ ಇನ್ನೊಬ್ಬರು ಟ್ಯಾಂಕಿನ ಗೇಜನ್ನೂ ನೋಡುತ್ತಿರುವುದು ಕಡ್ಡಾಯ. "ಮಾಮ, ಐದೂವರೆ" ಎಂದು ಅಳಿಯ ಕೂಗಿದನೆಂದರೆ, ಎಂಜಿನ್ ಎಷ್ಟೇ ಆಸೆ ತೋರಿಸುತ್ತಿದ್ದರೂ ನಾನು ಮೊದಲು ಇಂಧನವಾದ ಎಲ್‌ಪಿಜಿ ಅನಿಲವನ್ನು ಮುಚ್ಚುತ್ತೇನೆ. ಉಳಿದ ಗಾಳಿ ಒಳಗಿನದ್ದನ್ನು ಹೊರಗೆ ತಳ್ಳಲು ಬೇಕಾಗುತ್ತದೆ.

ಈ ತಳ್ಳುವಿಕೆಯನ್ನು ಉಪೇಕ್ಷಿಸಿದ್ದಕ್ಕೆ ಮೊದಲ ವರ್ಷ ನಮಗೆ ಶಾಸ್ತಿಯೂ ಆಯಿತು. ಕಿಡಿ ಹಾರದೆ ವಿಫಲವಾದ ಒಂದು ಪ್ರಯತ್ನದ ಬೆನ್ನಿಗೇ, ಗಾಳಿ ಉಳಿಸುವ ಜಿಪುಣತನದಿಂದ, ಒಳಗೆ ತುಂಬಿದ್ದ ಎಲ್‌ಪಿಜಿಯನ್ನು ಹೊರಹಾಕದೆ ಮತ್ತೆ ಕಿಡಿ ಹಚ್ಚಿದೆವು. ಹಿಂಬದಿಯಿಂದ ಒಂದು ಮೀಟರ್ ಉದ್ದದ ಜ್ವಾಲೆ ಬಂದು ಗೋಡೆಯ ಸುಣ್ಣ ಕಪ್ಪಾಯಿತು. 1937ರ ಏಪ್ರಿಲ್ 12ರಂದು ಇಂಗ್ಲೆಂಡಿನ ರಗ್ಬಿಯಲ್ಲಿ ಫ್ರಾಂಕ್ ವಿಟ್ಲ್ ತಮ್ಮ ಮೊದಲ ಜೆಟ್ ಎಂಜಿನ್ನನ್ನು ಓಡಿಸಿದಾಗ, ಇಂಧನದ ಕವಾಟ ಮುಚ್ಚಿದ ಮೇಲೂ ಅದು ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗಿತ್ತು. ದಹನಕೋಣೆಯಲ್ಲಿ ಮೊದಲೇ ಸೋರಿ ನಿಂತಿದ್ದ ಇಂಧನವೇ ಅದಕ್ಕೆ ಕಾರಣವಾಗಿತ್ತು. ಅವರಿಗಾದದ್ದು ನಮಗೂ ಆಯಿತೆಂದು ಅಳಿಯ ಹೆಮ್ಮೆಪಟ್ಟುಕೊಂಡ. ನಾನು ಹೆಮ್ಮೆಪಡಲಿಲ್ಲ. ಅಂದಿನಿಂದ ನಮ್ಮ ಕ್ರಮ ಬದಲಾಗಿಲ್ಲ: ಎಣ್ಣೆಯ ಪಂಪು, ಆಮೇಲೆ ಗಾಳಿ, ಆಮೇಲೆ ಕಿಡಿ, ಕೊನೆಯಲ್ಲಿ ಅನಿಲ.

ಇನ್ನು ಟ್ಯಾಂಕಿನ ವಿಷಯ. ಕಬ್ಬಿಣದ ಕೆಲಸದಲ್ಲಿ ದೂರುವಂಥದ್ದು ಕಡಿಮೆ. ಬೆಸುಗೆ ಸಮನಾಗಿದೆ, ಗೇಜನ್ನು ಇನ್ನೊಂದು ಗೇಜಿನೊಂದಿಗೆ ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಜೊತೆಗೆ ಬಂದ ಹೋಸ್ ಪೈಪು ಮತ್ತು ಕ್ಲಿಪ್ಪು ಮಾತ್ರ ನಂಬಿಕೆಗೆ ಅರ್ಹವಲ್ಲ. ಆರನೆಯ ತಿಂಗಳಲ್ಲಿ ಕ್ಲಿಪ್ಪು ಜಾರಿ, ಪೈಪು ಬಾಲ ತುಳಿಸಿಕೊಂಡ ಹಾವಿನಂತೆ ಬಡಿದಾಡಿ ಗೋಡೆಯ ಸ್ವಿಚ್ ಬೋರ್ಡನ್ನು ಒಡೆಯಿತು. ಯಾರೂ ಹತ್ತಿರವಿರಲಿಲ್ಲ ಎಂಬುದು ನಮ್ಮ ಪುಣ್ಯ. ಮಾರಿದ ಅಂಗಡಿಯವರು ಅದನ್ನು ಬದಲಿಸಿಕೊಡಲು ಒಪ್ಪಲಿಲ್ಲ. ಈಗ 20 ಬಾರ್ ತಾಳುವ ರಬ್ಬರ್ ಹೋಸ್ ಹಾಕಿ, ಎರಡೂ ತುದಿಗಳನ್ನು ಉಕ್ಕಿನ ತಂತಿಯಿಂದ ಕಟ್ಟಿದ್ದೇವೆ. ನೀರಿನ ಪಿವಿಸಿ ಪೈಪನ್ನು ಗಾಳಿಗೆ ಬಳಸುವ ಅಭ್ಯಾಸ ನಮ್ಮ ಸುತ್ತಲಿನ ಎಷ್ಟೋ ವರ್ಕ್‌ಶಾಪುಗಳಲ್ಲಿದೆ. ಅದು ಒಡೆದರೆ ಬಿರುಕು ಬಿಟ್ಟು ಸುಮ್ಮನಾಗುವುದಿಲ್ಲ, ಗಾಜಿನಂತೆ ಚೂರುಚೂರಾಗಿ ಸಿಡಿಯುತ್ತದೆ.

8 ಬಾರ್ ತುಂಬಿದ ಈ ಟ್ಯಾಂಕಿನಲ್ಲಿ ಅಡಗಿರುವ ಶಕ್ತಿ 50 ಕಿಲೋ ಅಕ್ಕಿ ಮೂಟೆಯನ್ನು ನೂರು ಮೀಟರಿಗೂ ಮೇಲೆ ಎತ್ತಲು ಸಾಲುತ್ತದೆ. ಈ ಲೆಕ್ಕವನ್ನು ಚಾಕ್‌ಪೀಸಿನಲ್ಲಿ ನೆಲದ ಮೇಲೆ ಮಾಡಿ ತೋರಿಸಿದ ಮೇಲೆ, ಟ್ಯಾಂಕಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ನಮ್ಮ ಹುಡುಗರು ಜಾಗ ಬದಲಿಸಿದರು. ಇನ್ನೊಂದು ಅರ್ಧ ಇಂಚಿನ ಸಾಕೆಟ್ ಬೇಕೆನಿಸಿದಾಗ "ಇಲ್ಲೇ ವೆಲ್ಡ್ ಮಾಡಿ ಕೊಡುತ್ತೇನೆ" ಎಂದು ನೆರೆಯವರು ಮುಂದೆ ಬಂದರು. ಒತ್ತಡದ ಪಾತ್ರೆಗೆ ಹಾಗೆ ಬೆಸುಗೆ ಹಾಕಿದರೆ ನಾಮಫಲಕದ ಅಂಕಿಗಳಿಗೆ ಬೆಲೆಯೇ ಉಳಿಯುವುದಿಲ್ಲವೆಂದು ಬೇಡವೆಂದೆ. ಇನ್ನೊಬ್ಬರು ಗ್ಯಾಸ್ ಕಟಿಂಗಿನ ಕಪ್ಪು ಆಮ್ಲಜನಕ ಸಿಲಿಂಡರನ್ನೇ ಬಳಸುವ ಸಲಹೆ ಕೊಟ್ಟರು. ಅಧಿಕ ಒತ್ತಡದ ಆಮ್ಲಜನಕವು ಟರ್ಬೋಚಾರ್ಜರಿನ ಎಣ್ಣೆಯನ್ನು ಸೋಕಿದರೆ ಕಿಡಿಯ ಹಂಗಿಲ್ಲದೆಯೇ ಸ್ಫೋಟವಾಗಬಹುದು. ಇದನ್ನು ದಯವಿಟ್ಟು ಯಾರೂ ಪರೀಕ್ಷಿಸಿ ನೋಡಬಾರದು.

ಕರಾವಳಿಯಲ್ಲಿ ಈ ಟ್ಯಾಂಕಿನ ನಿಜವಾದ ವೈರಿ ನೀರು. ಮಳೆಗಾಲದ ನಮ್ಮ ಗಾಳಿ ಒಂದು ಘನ ಮೀಟರಿಗೆ ಸುಮಾರು 25 ಗ್ರಾಂ ನೀರಾವಿಯನ್ನು ಹೊತ್ತಿರುತ್ತದೆ. ಅದನ್ನು ಒಂಬತ್ತು ಪಟ್ಟು (ಗೇಜಿನ 8 ಬಾರಿಗೆ ಹೊರಗಿನ ಗಾಳಿಯ 1 ಬಾರ್ ಸೇರಿ) ಹಿಂಡಿ ತಣಿಸಿದಾಗ ಬಹುಪಾಲು ನೀರಾಗಿ ಇಳಿಯುತ್ತದೆ. ಖಾಲಿ ಟ್ಯಾಂಕನ್ನು ಒಮ್ಮೆ ತುಂಬಿಸಿದರೆ 20 ಗ್ರಾಂ, ಅಂದರೆ ನಾಲ್ಕು ಚಹಾ ಚಮಚ. ಕಂಪ್ರೆಸರಿನ ಕಡೆ ಒಂದಷ್ಟು ಉಳಿದರೂ ಮಿಕ್ಕದ್ದು ಟ್ಯಾಂಕಿನ ತಳ ಸೇರುತ್ತದೆ. ಎರಡನೆಯ ವರ್ಷದ ಆಟಿ ತಿಂಗಳಲ್ಲಿ (ತುಳುನಾಡಿನ ಜಡಿಮಳೆಯ ತಿಂಗಳು) ಒಂದು ವಾರ ಡ್ರೈನ್ ಕಾಕ್ ತೆರೆಯಲು ಮರೆತಿದ್ದೆವು. ತೆರೆದಾಗ ಬಂದದ್ದು ಕಾಫಿ ಡಿಕಾಕ್ಷನ್ನಿನಂಥ ತುಕ್ಕಿನ ನೀರು. ಅದೇ ವಾರ ಸೇಫ್ಟಿ ವಾಲ್ವಿನ ಉಂಗುರ ಎಳೆದರೆ ಅದು ಅಲುಗಲೇ ಇಲ್ಲ. ಒತ್ತಡ ತುಂಬಿದೊಡನೆ ಕಂಪ್ರೆಸರನ್ನು ನಿಲ್ಲಿಸುವ ಕಟ್-ಆಫ್ ಕೈಕೊಟ್ಟಿದ್ದರೆ ಒತ್ತಡ ಎಲ್ಲಿಗೆ ನಿಲ್ಲುತ್ತಿತ್ತೋ. ವಾಲ್ವನ್ನು ಆ ದಿನವೇ ಬದಲಿಸಿದೆವು. ಈಗ ತಿಂಗಳಿಗೊಮ್ಮೆ ಉಂಗುರ ಎಳೆದು ನೋಡುತ್ತೇವೆ, ಕೆಲಸ ಮುಗಿದ ಪ್ರತಿ ಸಂಜೆ ನೀರು ಬಿಡುತ್ತೇವೆ.

ಮೂರನೆಯ ವರ್ಷ ಟ್ಯಾಂಕನ್ನು ನೀರು ತುಂಬಿಸಿ ಒತ್ತಡ ಪರೀಕ್ಷೆಗೆ ಒಡ್ಡಿಸಿದೆ. ಗಾಳಿಯ ಬದಲು ನೀರೇ ಏಕೆಂದರೆ, ನೀರು ಬಹುಮಟ್ಟಿಗೆ ಹಿಂಡಿಕೊಳ್ಳುವುದಿಲ್ಲವಾದ್ದರಿಂದ ಟ್ಯಾಂಕು ಸೀಳಿದರೂ ಸಿಡಿಯುವುದಿಲ್ಲ. 15 ಬಾರಿನಲ್ಲಿ ಸೋರಲಿಲ್ಲ, ಉಬ್ಬಲಿಲ್ಲ. ಹೊರಗೆ ಮಾತ್ರ ಕಾಲುಗಳನ್ನು ಬೆಸೆದ ಜಾಗದಲ್ಲಿ ಬಣ್ಣ ಏಳುತ್ತಿದೆ. ಸಮುದ್ರ ಇಷ್ಟು ಹತ್ತಿರವಿರುವಾಗ ಇದು ಅನಿರೀಕ್ಷಿತವಲ್ಲ, ಆದರೆ ತಯಾರಕರು ಅಲ್ಲಿ ನೀರು ನಿಲ್ಲದಂತೆ ಇಳಿಜಾರು ಕೊಡಬಹುದಿತ್ತು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಹೋಸಿಗೂ ಕ್ಲಿಪ್ಪಿಗೂ ಸೇರಿ. ಕೊಳ್ಳುವವರು ಹೊಸ ಹೋಸ್, ಒಳ್ಳೆಯ ರೆಗ್ಯುಲೇಟರ್, ಇನ್ನೊಂದು ಸೇಫ್ಟಿ ವಾಲ್ವ್, ಕಿವಿಗೆ ಮಫ್ ಇವುಗಳ ಹಣವನ್ನೂ ಮೊದಲೇ ಎತ್ತಿಡಬೇಕು. ಎಂಜಿನ್ ನಿಲ್ಲಿಸಿದ ಮೇಲೆ ಬೇರಿಂಗಿನ ಎಣ್ಣೆ ಸುಟ್ಟು ಕರಿಯಾಗದಂತೆ ತಣ್ಣನೆಯ ಗಾಳಿ ಊದುವುದಕ್ಕೂ ಟ್ಯಾಂಕಿನಲ್ಲಿ ಏನಾದರೂ ಉಳಿದಿರಬೇಕಾದ್ದರಿಂದ, ಬರುವ ದೀಪಾವಳಿಯೊಳಗೆ ಇಂಥದ್ದೇ ಇನ್ನೊಂದನ್ನು ತಂದು, ನಡುವೆ ಗಾಳಿ ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿ ಜೋಡಿಸುವ ಯೋಚನೆಯಲ್ಲಿದ್ದೇನೆ.