ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ ಪದಗಳಿಗೆ ಆಂಕಿ: ವರ್ಷಗಟ್ಟಲೆ ಬಳಸಿದ ಮೇಲೆ

ಓದಿದ್ದು ಮರೆಯದ ಹಾಗೆ ಮಾಡಲು ಆಂಕಿಗಿಂತ ಒಳ್ಳೆಯ ಆ್ಯಪ್ ನನಗೆ ಸಿಕ್ಕಿಲ್ಲ. ಆದರೆ ಒಂದು ಷರತ್ತು ಇದೆ. ಕಾರ್ಡುಗಳನ್ನು ನೀವೇ ಬರೆಯಬೇಕು, ಮತ್ತು ಬರೀ ವ್ಯಾಖ್ಯೆ ಬರೆಯಬಾರದು. ನಾನು ಇದನ್ನು ಶುರು ಮಾಡಿದ್ದು ಕೆಎಎಸ್ ತಯಾರಿಗೆ. ಈಗ ಪಿಯು ಮಕ್ಕಳಿಗೆ ಇತಿಹಾಸ, ಅರ್ಥಶಾಸ್ತ್ರ ಹೇಳಿಕೊಡುವಾಗಲೂ ಇದೇ ನನ್ನ ಮುಖ್ಯ ಸಾಧನ.

ಗೊತ್ತಿಲ್ಲದವರಿಗೆ ಎರಡು ಮಾತು. ಕಾರ್ಡಿನ ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ. ಉತ್ತರ ನೋಡಿದ ಮೇಲೆ ಎಷ್ಟು ಸುಲಭವಾಗಿ ನೆನಪಾಯಿತು ಅಂತ ನಾಲ್ಕು ಬಟನ್‌ಗಳಲ್ಲಿ ಒಂದನ್ನು ಒತ್ತಬೇಕು. ಚೆನ್ನಾಗಿ ನೆನಪಿದ್ದರೆ ಆ ಕಾರ್ಡು ವಾರ, ತಿಂಗಳು, ವರ್ಷ ಬಿಟ್ಟು ಬರುತ್ತದೆ. ಮರೆತಿದ್ದರೆ ಬೇಗ ವಾಪಸ್ ಬರುತ್ತದೆ. 2023ರಲ್ಲಿ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರ ಸೇರಿತು. ಅದು ನಿಮ್ಮ ಹಳೆಯ ಉತ್ತರಗಳನ್ನು ನೋಡಿ ದಿನ ನಿಗದಿ ಮಾಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆನ್ ಮಾಡಿಕೊಳ್ಳಿ. ದಿನದ ಹೊಸ ಕಾರ್ಡುಗಳ ಸಂಖ್ಯೆ ಬಿಟ್ಟು ಉಳಿದ ಸೆಟ್ಟಿಂಗ್‌ಗಳನ್ನು ಸದ್ಯಕ್ಕೆ ಮುಟ್ಟಬೇಡಿ.

ಬಿಟ್ಟು ಬಿಟ್ಟು ಓದಿದರೆ ಜಾಸ್ತಿ ದಿನ ನೆನಪಿರುತ್ತದೆ ಎಂಬುದು ಹೊಸ ವಿಷಯವಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಅದನ್ನು ಪ್ರಕಟಿಸಿದ. ಅವನು ಬಾಯಿಪಾಠ ಮಾಡಿದ್ದು ಅರ್ಥವೇ ಇಲ್ಲದ ಅಕ್ಷರಗಳನ್ನು. ಅರ್ಥ ಇದ್ದರೆ ಅದೇ ನೆನಪಿಗೆ ಸಹಾಯ ಮಾಡಿಬಿಡುತ್ತದೆ, ಪ್ರಯೋಗ ಕೆಡುತ್ತದೆ ಎಂಬ ಕಾರಣಕ್ಕೆ. ನಮ್ಮ ವಿಷಯಗಳಲ್ಲಿ ಅರ್ಥ ಧಾರಾಳವಾಗಿ ಸಿಗುತ್ತದೆ. ಅದನ್ನು ಕಾರ್ಡಿನಿಂದ ಕಿತ್ತುಹಾಕಿ, ಪದಕ್ಕೆ ಒಂದು ಸಾಲಿನ ವ್ಯಾಖ್ಯೆ ಅಂಟಿಸಿ, ನಾವಾಗಿಯೇ ಎಬ್ಬಿಂಗ್‌ಹೌಸನ ಅಕ್ಷರಗಳನ್ನಾಗಿ ಮಾಡಿಕೊಳ್ಳುವುದು ಯಾಕೆ?

ರೆಡಿಮೇಡ್ ಕಾರ್ಡುಗಳ ಬಗ್ಗೆ ನನ್ನ ತಕರಾರು ಇದೇ. 'ಪ್ರಪಂಚ ಇತಿಹಾಸ, ಸರ್ಕಾರ, ಅರ್ಥಶಾಸ್ತ್ರದ ಮುಖ್ಯ ಪದಗಳು' ಎಂಬಂಥ ಸೆಟ್‌ಗಳು ಬೇಕಾದಷ್ಟು ಸಿಗುತ್ತವೆ. ಮಕ್ಕಳಿಗೆ ಉಪಯೋಗವಾಗಬಹುದು ಅಂತ ಒಂದನ್ನು ಪೂರ್ತಿ ನೋಡಿದೆ. ಹೆಸರು ಬೇಡ. ಅದು ಅಮೆರಿಕದ ಹೈಸ್ಕೂಲಿಗೆ ಮಾಡಿದ್ದು. ಫಿಲಿಬಸ್ಟರ್ ಇದೆ, ಎಲೆಕ್ಟೋರಲ್ ಕಾಲೇಜ್ ಇದೆ. ಹಣಕಾಸು ಮಸೂದೆ ಇಲ್ಲ, ಸುಗ್ರೀವಾಜ್ಞೆ ಇಲ್ಲ. ರಾಜ್ಯಪಾಲರನ್ನು ಜನರೇ ಆರಿಸುತ್ತಾರೆ ಎಂದಿದೆ. ಅಲ್ಲಿ ಅದು ಸರಿ. ಇಲ್ಲಿ ರಾಷ್ಟ್ರಪತಿ ನೇಮಿಸುತ್ತಾರೆ. ನಮ್ಮ ಮಕ್ಕಳು ಅದನ್ನೇ ಓದಿ ಬರೆದರೆ ಅಂಕ ಹೋಯಿತು.

ಅದಕ್ಕಿಂತ ದೊಡ್ಡ ತೊಂದರೆ ಆ ಒಂದು ಸಾಲಿನ ವ್ಯಾಖ್ಯೆಗಳದ್ದು. 'ಮರ್ಕಂಟಿಲಿಸಂ: ರಫ್ತು ಹೆಚ್ಚಿಸಿ, ಆಮದು ತಗ್ಗಿಸಿ, ಚಿನ್ನ ಬೆಳ್ಳಿ ಕೂಡಿಡುವ ನೀತಿ.' ತಪ್ಪೇನಿಲ್ಲ. ಹುಡುಗರು ಪಟಪಟ ಹೇಳುತ್ತಾರೆ. ಆದರೆ ಅದು ನಮ್ಮ ದೇಶದ ಕಥೆಗೆ ಎಲ್ಲಿ ತಾಗುತ್ತದೆ ಅಂತ ಕೇಳಿದರೆ ಮೌನ. ನನ್ನ ಕಾರ್ಡಿನಲ್ಲಿ ಪ್ರಶ್ನೆ ಹೀಗಿದೆ: '1600ರಲ್ಲಿ ಶುರುವಾದ ಈಸ್ಟ್ ಇಂಡಿಯಾ ಕಂಪನಿಯನ್ನು ಇಂಗ್ಲೆಂಡಿನಲ್ಲೇ ಕೆಲವರು ಬೈಯುತ್ತಿದ್ದದ್ದು ಯಾಕೆ?' ಉತ್ತರ: ಭಾರತದ ಬಟ್ಟೆ, ಮೆಣಸು ಕೊಳ್ಳಲು ಕಂಪನಿ ಬೆಳ್ಳಿಯನ್ನು ಹೊರಗೆ ಸಾಗಿಸುತ್ತಿತ್ತು. ಮರ್ಕಂಟಿಲಿಸಂ ನಂಬಿದವರಿಗೆ ಅದು ದೇಶದ ಸಂಪತ್ತೇ ಸೋರಿಹೋದಂತೆ. ಮುಂದಿನ ಕಾರ್ಡು 1765ರ ದಿವಾನಿ ಹಕ್ಕು. ಬಂಗಾಳದ ಕಂದಾಯ ಕೈಗೆ ಬಂದ ಮೇಲೆ ಕಂಪನಿ ಇಲ್ಲಿನ ಸರಕನ್ನು ಇಲ್ಲಿನ ಜನರ ದುಡ್ಡಿನಲ್ಲೇ ಕೊಳ್ಳತೊಡಗಿತು. ಈ ಎರಡು ಕಾರ್ಡು ತಲೆಯಲ್ಲಿದ್ದರೆ ಭಾರತದ ಸಂಪತ್ತು ಬ್ರಿಟನ್ನಿಗೆ ಹರಿದುಹೋಗುತ್ತಿದೆ ಎಂದು ದಾದಾಭಾಯಿ ನವರೋಜಿ ಹೇಳಿದ 'ಸಂಪತ್ತಿನ ಸೋರಿಕೆ'ಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ನನಗೆ ತುಂಬಾ ಇಷ್ಟವಾದ ಕಾರ್ಡುಗಳು ಹಣದುಬ್ಬರದ ಮೇಲಿನವು. 'ಬೆಲೆಗಳು ಒಟ್ಟಾರೆ ಏರುವುದು' ಎಂದಷ್ಟೇ ಬರೆದರೆ ಅದರ ಭಯ ಗೊತ್ತಾಗುವುದಿಲ್ಲ. ಜರ್ಮನಿಗೆ ಹೋಗಬೇಕು. ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ ಸುಮಾರು 4.2 ಮಾರ್ಕ್ (ಅಲ್ಲಿನ ಹಣ). 1923ರ ನವೆಂಬರಿನಲ್ಲಿ ಅದೇ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಆ ವರ್ಷದ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ಜರ್ಮನಿಯ ಕೈಗಾರಿಕಾ ಪ್ರದೇಶವಾದ ರೂರ್‌ಗೆ ನುಗ್ಗಿದವು. ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ಅವರನ್ನು ಸಾಕಲು ಸರ್ಕಾರ ಇನ್ನಷ್ಟು ನೋಟು ಅಚ್ಚು ಹಾಕಿತು.

ಇಲ್ಲಿ ಎಷ್ಟೋ ವಿದ್ಯಾರ್ಥಿಗಳು ಒಂದು ಕಡೆ ಎಡವುತ್ತಾರೆ. 'ಈ ಹಣದುಬ್ಬರದಿಂದಲೇ ಹಿಟ್ಲರ್ ಅಧಿಕಾರಕ್ಕೆ ಬಂದ' ಎಂದು ಬರೆದುಬಿಡುತ್ತಾರೆ. ಅದಕ್ಕೇ ಇನ್ನೊಂದು ಕಾರ್ಡು ಮಾಡಿದೆ, ಬರೀ ಚುನಾವಣೆಯ ಅಂಕಿಗಳದ್ದು. ನಾಜಿ ಪಕ್ಷಕ್ಕೆ 1928ರಲ್ಲಿ ಬಂದ ಮತ ಶೇ. 2.6. 1930ರಲ್ಲಿ ಶೇ. 18.3. 1932ರ ಜುಲೈನಲ್ಲಿ ಶೇ. 37.3. ನೋಟು ಕಸವಾಗಿ ಐದು ವರ್ಷ ಕಳೆದ ಮೇಲೂ ಆ ಪಕ್ಷ ಪುಟ್ಟದಾಗಿಯೇ ಇತ್ತು. ನಡುವೆ ಬಂದದ್ದು 1929ರ ಮಹಾ ಆರ್ಥಿಕ ಕುಸಿತ. ಆಗ ಆದದ್ದು ಉಲ್ಟಾ: ಬೆಲೆ ಇಳಿಯಿತು, ಕೆಲಸ ಹೋಯಿತು. 1932ರ ಹೊತ್ತಿಗೆ ಜರ್ಮನಿಯಲ್ಲಿ ಸುಮಾರು 60 ಲಕ್ಷ ಜನ ನಿರುದ್ಯೋಗಿಗಳು. ಹಳೆಯ ಗಾಯ ಮನಸ್ಸಿನಲ್ಲಿ ಇದ್ದೇ ಇತ್ತು, ನಿಜ. ಆದರೆ ಮತ ತಂದದ್ದರಲ್ಲಿ ನಿರುದ್ಯೋಗದ ಪಾಲು ದೊಡ್ಡದು. ಹಣದುಬ್ಬರ, ಹಣದಿಳಿತ ಎರಡೂ ಒಂದೇ ದೇಶದಲ್ಲಿ, ಹತ್ತು ವರ್ಷದೊಳಗೆ ಕಣ್ಣ ಮುಂದೆ ಬರುತ್ತವೆ. ಇದನ್ನು ಕಲಿತ ಮಕ್ಕಳು ಆ ಎರಡನ್ನು ಆಮೇಲೆ ಅದಲು ಬದಲು ಮಾಡಿದ್ದನ್ನು ನಾನು ನೋಡಿಲ್ಲ.

ತುಲನಾತ್ಮಕ ಅನುಕೂಲ ಅಂದರೆ, ಪ್ರತಿ ದೇಶವೂ ತನಗೆ ಹೋಲಿಕೆಯಲ್ಲಿ ಅಗ್ಗವಾಗುವುದನ್ನು ಮಾಡಿ ಉಳಿದದ್ದನ್ನು ಕೊಂಡರೆ ಲಾಭ ಎಂಬ ವಾದ. ಅದಕ್ಕೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ರಿಕಾರ್ಡೊ 1817ರಲ್ಲಿ ಕೊಟ್ಟ ಲೆಕ್ಕವನ್ನೇ ಕಾರ್ಡಿಗೆ ಹಾಕಿದ್ದೇನೆ. ಪೋರ್ಚುಗಲ್‌ನಲ್ಲಿ ವೈನಿಗೆ 80 ಜನರ ದುಡಿಮೆ, ಬಟ್ಟೆಗೆ 90. ಇಂಗ್ಲೆಂಡಿನಲ್ಲಿ ವೈನಿಗೆ 120, ಬಟ್ಟೆಗೆ 100. ಪೋರ್ಚುಗಲ್ ಎರಡರಲ್ಲೂ ಮುಂದು. ಆದರೂ ವ್ಯಾಪಾರ ಮಾಡಿದರೆ ಯಾರಿಗೆ ಲಾಭ? ಇಬ್ಬರಿಗೂ. 80 ಜನರ ವೈನ್ ಕೊಟ್ಟು ಪೋರ್ಚುಗಲ್ 90 ಜನರ ಕೆಲಸ ಉಳಿಸುತ್ತದೆ. 100 ಜನರ ಬಟ್ಟೆ ಕೊಟ್ಟು ಇಂಗ್ಲೆಂಡ್ 120 ಜನರ ಕೆಲಸ ಉಳಿಸುತ್ತದೆ. ನಾಲ್ಕು ಅಂಕಿ ನೆನಪಿದ್ದರೆ ಸಾಕು, ವ್ಯಾಖ್ಯೆಯನ್ನು ಪರೀಕ್ಷೆ ಕೋಣೆಯಲ್ಲೇ ಕಟ್ಟಿಕೊಳ್ಳಬಹುದು.

ಸರ್ಕಾರ, ಸಂವಿಧಾನದ ಪದಗಳಿಗೆ ನಮ್ಮ ಹತ್ತಿರವೇ ಒಳ್ಳೆಯ ಉದಾಹರಣೆ ಇದೆ, ಎಸ್.ಆರ್. ಬೊಮ್ಮಾಯಿ ಪ್ರಕರಣ. 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರವನ್ನು ವಜಾ ಮಾಡಿ 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಹೇರಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಅವಕಾಶ ಸಿಗಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು, 356ರ ಬಳಕೆಯನ್ನು ಕೋರ್ಟು ಪರಿಶೀಲಿಸಬಹುದು ಎಂದಿತು. ಒಕ್ಕೂಟ ವ್ಯವಸ್ಥೆ, ನ್ಯಾಯಾಂಗ ವಿಮರ್ಶೆ, ವಿಶ್ವಾಸಮತ, ರಾಜ್ಯಪಾಲರ ಅಧಿಕಾರ, ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದ ಭಾಗ ಎಂಬ ಮಾತು, ಎಲ್ಲವೂ ಒಂದೇ ಪ್ರಕರಣದಲ್ಲಿ ಸಿಗುತ್ತವೆ. ಇದನ್ನು ಬೇರೆ ಬೇರೆ ಕಾರ್ಡುಗಳಾಗಿ ಒಡೆದಿದ್ದೇನೆ. ಒಂದೇ ಕಾರ್ಡಿಗೆ ತುಂಬಿದರೆ ಅರ್ಧ ನೆನಪಾಗುತ್ತದೆ, ಯಾವ ಬಟನ್ ಒತ್ತಬೇಕೋ ತಿಳಿಯುವುದಿಲ್ಲ. ಜೊತೆಗೆ 1803ರ ಮಾರ್ಬರಿ ಪ್ರಕರಣದ ಒಂದು ಕಾರ್ಡು ಇಡಿ. ಕಾನೂನನ್ನು ಕೋರ್ಟು ರದ್ದು ಮಾಡುವ ಪದ್ಧತಿಗೆ ಅಮೆರಿಕದಲ್ಲಿ ಅದೇ ಬುನಾದಿ.

ಒಂದರಂತೆ ಇನ್ನೊಂದು ಕಾಣುವ ಪದಗಳನ್ನು ಪಕ್ಕಪಕ್ಕ ಇಟ್ಟು ಕೇಳಿ. ವಿತ್ತೀಯ ಕೊರತೆಯಿಂದ (ಸಾಲ ಬಿಟ್ಟು ಸರ್ಕಾರದ ಆದಾಯಕ್ಕಿಂತ ಖರ್ಚು ಎಷ್ಟು ಹೆಚ್ಚೋ ಅದು) ಬಡ್ಡಿ ಪಾವತಿ ಕಳೆದರೆ ಪ್ರಾಥಮಿಕ ಕೊರತೆ. ಇದನ್ನು ಕಳೆಯುವ ಲೆಕ್ಕವಾಗಿಯೇ ಹಾಕಿ. ಇನ್ನು ಬದಲಾಗುವ ಅಂಕಿಗಳನ್ನು ಕಾರ್ಡಿಗೆ ಹಾಕಲೇಬೇಡಿ. ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅಂದರೆ ರೆಪೊ ದರ, 2020ರ ಮೇಯಿಂದ ಎರಡು ವರ್ಷ ಶೇ. 4 ಇತ್ತು, 2023ರ ಫೆಬ್ರವರಿಗೆ ಶೇ. 6.5 ಆಯಿತು. 'ಈಗಿನ ದರ' ಅಂತ ಬರೆದಿಟ್ಟರೆ ಹಳಸಿದ ಉತ್ತರವನ್ನೇ ಆಂಕಿ ನಿಷ್ಠೆಯಿಂದ ಉರು ಹೊಡೆಸುತ್ತದೆ. ದರ ಏರಿಸಿದರೆ ಸಾಲಕ್ಕೆ ಏನಾಗುತ್ತದೆ, ಹಣದುಬ್ಬರದ ಗುರಿ ಶೇ. 4, ಆಚೀಚೆ 2, ಯಾಕೆ ಅಂತ ಕೇಳಿ.

ತೊಂದರೆಗಳೂ ಇವೆ. ನೋಟ ಸಪ್ಪೆ. ಮೊದಲ ವಾರ ಗೊಂದಲ ಆಗುತ್ತದೆ. ದಿನಕ್ಕೆ 20 ಹೊಸ ಕಾರ್ಡು ಅಂತ ಅದೇ ಇಟ್ಟುಕೊಂಡಿರುತ್ತದೆ. ಹಾಗೇ ಬಿಟ್ಟರೆ ಕೆಲವೇ ವಾರಗಳಲ್ಲಿ ದಿನಕ್ಕೆ ನೂರಕ್ಕೂ ಜಾಸ್ತಿ ಕಾರ್ಡು ತಿರುವಿ ನೋಡಬೇಕಾಗುತ್ತದೆ. ಐದಾರಕ್ಕೆ ಇಳಿಸಿ. ಮದುವೆ, ಹಬ್ಬ ಅಂತ ನಾಲ್ಕು ದಿನ ಬಿಟ್ಟರೆ ಬಾಕಿ ಬೆಟ್ಟದಷ್ಟು ಆಗುತ್ತದೆ. ಆಗ ಹೊಸ ಕಾರ್ಡು ಪೂರ್ತಿ ನಿಲ್ಲಿಸಿ, ಹಳೆಯದನ್ನು ಸ್ವಲ್ಪ ಸ್ವಲ್ಪ ಮುಗಿಸಿ. ಪದೇ ಪದೇ ಮರೆಯುವ ಕಾರ್ಡಿಗೆ ಆಂಕಿ 'ಲೀಚ್' ಅಂತ ಗುರುತು ಹಾಕುತ್ತದೆ. ಅಂಥದ್ದನ್ನು ಮತ್ತೆ ಮತ್ತೆ ಓದಬೇಡಿ, ಅಳಿಸಿ ಹೊಸದಾಗಿ ಬರೆಯಿರಿ. ಹತ್ತು ಅಂಕದ ಪ್ರಬಂಧ ಬರೆಯುವುದನ್ನು ಆಂಕಿ ಕಲಿಸುವುದಿಲ್ಲ. ಅದಕ್ಕೆ ಪೆನ್ನು ಹಿಡಿದು ಕೂರಲೇಬೇಕು.

ಕಂಪ್ಯೂಟರ್ ಮತ್ತು ಆಂಡ್ರಾಯ್ಡ್ ಫೋನಿನಲ್ಲಿ ಪೂರ್ತಿ ಉಚಿತ. ಐಫೋನಿನ ಆ್ಯಪ್‌ಗೆ ದುಡ್ಡು ಕೊಡಬೇಕು, ಆದರೆ ಬ್ರೌಸರಿನಲ್ಲಿ ದುಡ್ಡಿಲ್ಲದೆ ಬಳಸಬಹುದು. ಕನ್ನಡ ಅಕ್ಷರಕ್ಕೆ ಯಾವ ತೊಂದರೆಯೂ ಇಲ್ಲ. ಜೂನ್‌ನಲ್ಲಿ ತರಗತಿ ಶುರುವಾದಾಗಲೇ ಹಿಡಿಯುವ ವಿದ್ಯಾರ್ಥಿಗೆ, ಎರಡು ಮೂರು ವರ್ಷ ಓದಬೇಕಾದ ಸ್ಪರ್ಧಾತ್ಮಕ ಪರೀಕ್ಷೆಯವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ, ತೊಗೊಳ್ಳಿ. ಪರೀಕ್ಷೆಗೆ ಹತ್ತು ದಿನ ಇರುವವರು ಈಗ ಇದನ್ನು ಶುರು ಮಾಡಬೇಡಿ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ.